ಯಂತ್ರ ಪರಿಚಯ: ಗುಜರಿಗೆ ಹಾಕುವ ಮುನ್ನ ಗುರುತು ಹಿಡಿಯಿರಿ

ಕೆಟ್ಟುಹೋದ ವಸ್ತುವನ್ನು ಎಸೆದು ಹೊಸದನ್ನು ತರುವುದು ಈ ಕಾಲದ ರೂಢಿಯಾಗಿದೆ. ಕೆಟ್ಟಿರುವುದು ಇಡೀ ಯಂತ್ರವೋ, ಅದರೊಳಗಿನ ಒಂದು ಚಿಕ್ಕ ಭಾಗವೋ ಎಂದು ವಿಚಾರಿಸುವ ತಾಳ್ಮೆ ವಿರಳವಾಗುತ್ತಿದೆ. ಈ ಆತುರಕ್ಕೆ ಬಲಿಯಾದ ಸಾಧನಗಳ ಪೈಕಿ ಅಮೆರಿಕದ ರಾಚೆಸ್ಟರ್ ಕ್ವಾಡ್ರಾಜೆಟ್ ಎಂಬ ಕಾರ್ಬ್ಯುರೇಟರ್ ಒಂದು. ಹಳೆಯ ‘ಮಸಲ್ ಕಾರು’ಗಳ ಮೇಲಿದ್ದ ಇಂಥ ಸಾವಿರಾರು ಕಾರ್ಬ್ಯುರೇಟರುಗಳು ಸಣ್ಣ ದೋಷಗಳಿಗಾಗಿ ಗುಜರಿ ಸೇರಿದವು. ಇಂದು ಅವುಗಳ ಒಡೆಯರು ಅವನ್ನೇ ಹುಡುಕಿಕೊಂಡು ಅಲೆಯುತ್ತಿದ್ದಾರೆ. ಅದರ ಗುರುತು ಹಿಡಿಯುವ ಬಗೆಯನ್ನೂ ಮರುಜೋಡಿಸುವ ಕ್ರಮವನ್ನೂ ಈ ಸಂಚಿಕೆಯಲ್ಲಿ ತಿಳಿಯೋಣ.

ಪೆಟ್ರೋಲನ್ನು ಗಾಳಿಯೊಡನೆ ಹದವಾಗಿ ಬೆರೆಸಿ ಇಂಜಿನ್ನಿಗೆ ಉಣಿಸುವುದೇ ಕಾರ್ಬ್ಯುರೇಟರಿನ ಕೆಲಸ. ಇಕ್ಕಟ್ಟಾದ ಕೊಳವೆಯಲ್ಲಿ ಹಾಯುವಾಗ ಗಾಳಿಯ ವೇಗ ಹೆಚ್ಚಿ ಒತ್ತಡ ಕುಗ್ಗುತ್ತದೆ. ಆ ಸೆಳೆತಕ್ಕೆ ಪೆಟ್ರೋಲು ಸಣ್ಣ ರಂಧ್ರಗಳಿಂದ ಮೇಲೆದ್ದು ತುಂತುರಾಗಿ ಗಾಳಿಯಲ್ಲಿ ಬೆರೆಯುತ್ತದೆ. ಇಟಲಿಯ ಭೌತವಿಜ್ಞಾನಿ ವೆಂಚುರಿಯ (1746–1822) ಹೆಸರನ್ನು ಈ ಇಕ್ಕಟ್ಟಿನ ಭಾಗಕ್ಕೆ ಇಟ್ಟಿದ್ದಾರೆ. ಒಂದು ಭಾಗ ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ನಮ್ಮ ಮನೆಗಳ ಹಳೆಯ ಸ್ಕೂಟರುಗಳಲ್ಲಿ ಇರುವುದೂ ಇದೇ ತತ್ತ್ವ. 2020ರ ಏಪ್ರಿಲ್‌ನಲ್ಲಿ ಬಿ.ಎಸ್.-6 ನಿಯಮ ಜಾರಿಗೆ ಬಂದ ಬಳಿಕ ನಮ್ಮ ಹೊಸ ದ್ವಿಚಕ್ರ ವಾಹನಗಳಲ್ಲಿ ಕಾರ್ಬ್ಯುರೇಟರಿನ ಸ್ಥಾನವನ್ನು ಇಂಧನ ಇಂಜೆಕ್ಷನ್ ಪಡೆಯಿತು.

ಮಸಲ್ ಕಾರು ಎಂದರೆ ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ಭಾರೀ ಇಂಜಿನ್ನನ್ನು ಕೂರಿಸಿದ ವಾಹನ. 1964ರ ಪಾಂಟಿಯಾಕ್ ಜಿ.ಟಿ.ಓ. ಕಾರಿನಿಂದ ಈ ಯುಗ ಆರಂಭವಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದರ ಇಂಜಿನ್ 389 ಘನ ಅಂಗುಲ, ಅಂದರೆ ನಮಗೆ ಪರಿಚಿತವಾದ ಮಾರುತಿ 800ರ ಇಂಜಿನ್ನಿನ ಎಂಟರಷ್ಟು. 1970ರ ವಾಯುಶುದ್ಧಿ ಕಾಯಿದೆ, ಏರಿದ ವಿಮಾದರ, 1973ರ ತೈಲ ಬಿಕ್ಕಟ್ಟು ಇವೆಲ್ಲವೂ ಸೇರಿ ಆ ಯುಗವನ್ನು ಕೊನೆಗಾಣಿಸಿದವು.

ಇಂಥ ಇಂಜಿನ್ನುಗಳಿಗೆಂದು ಜನರಲ್ ಮೋಟಾರ್ಸ್ ಸಂಸ್ಥೆಯ ರಾಚೆಸ್ಟರ್ ವಿಭಾಗವು 1965ರ ಮಾದರಿ ವರ್ಷದಿಂದ ಕ್ವಾಡ್ರಾಜೆಟ್ಟನ್ನು ತಯಾರಿಸಿತು. ಇದಕ್ಕೆ ನಾಲ್ಕು ಬಾಯಿಗಳು. ಮುಂದಿನ ಎರಡು ಸುಮಾರು 35 ಮಿ.ಮೀ. ವ್ಯಾಸದವು, ಹಿಂದಿನ ಎರಡು ಸುಮಾರು 57 ಮಿ.ಮೀ. ವ್ಯಾಸದವು. ನಿಧಾನವಾಗಿ ಸಾಗುವಾಗ ಚಿಕ್ಕ ಬಾಯಿಗಳು ಮಾತ್ರ ತೆರೆದು ಇಂಧನ ಉಳಿಯುತ್ತದೆ. ಪೆಡಲನ್ನು ಪೂರ್ತಿ ಒತ್ತಿದಾಗ ದೊಡ್ಡ ಬಾಯಿಗಳೂ ತೆರೆದು ನಿಮಿಷಕ್ಕೆ ಸುಮಾರು 750 ಘನ ಅಡಿ ಗಾಳಿಯನ್ನು ಒಳಗೆ ಬಿಡುತ್ತವೆ. ಮಿತವ್ಯಯವನ್ನೂ ಬಲವನ್ನೂ ಒಂದರಲ್ಲಿಯೇ ಅಡಕಗೊಳಿಸಿದ ಈ ಜಾಣ ರಚನೆ 1990ರವರೆಗೂ ಹೊಸ ಕಾರುಗಳಲ್ಲಿ ಉಳಿಯಿತು. ಆದರೆ ಒಳರಚನೆ ಜಟಿಲವಾದುದರಿಂದ ಅದನ್ನು ಅರಿಯದವರು ‘ಕ್ವಾಡ್ರಾಜಂಕ್’ ಎಂದು ಹೀಗಳೆದರು. ಜಂಕ್ ಎಂದರೆ ಗುಜರಿಯೇ ತಾನೆ!

ಗುರುತು ಹಿಡಿಯುವ ಬಗೆ

ಬಿಚ್ಚುವ ಮೊದಲು ಇದು ಯಾವ ಕಾರಿನದೆಂದು ತಿಳಿಯಬೇಕು. ಹೊರನೋಟಕ್ಕೆ ಎಲ್ಲ ಕ್ವಾಡ್ರಾಜೆಟ್ಟುಗಳೂ ಒಂದೇ ತೆರನಾಗಿ ಕಂಡರೂ ಒಳಗಿನ ಜೆಟ್ಟುಗಳು, ಕಡ್ಡಿಗಳು, ಗಾಳಿಯ ದಾರಿಗಳು ಇಂಜಿನ್ನಿಗೆ ತಕ್ಕಂತೆ ಬೇರೆ ಬೇರೆಯಾಗಿವೆ. ಗುರುತು ತಿಳಿಯದೆ ರಿಪೇರಿ ಕಿಟ್ ಕೊಂಡರೆ ಪ್ಯಾಕಿಂಗ್ ಹೊಂದುವುದಿಲ್ಲ; ಹೊಂದಿದರೂ ಮಿಶ್ರಣದ ಹದ ತಪ್ಪುತ್ತದೆ.

ಗುರುತಿನ ಸಂಖ್ಯೆಯನ್ನು ಚಾಲಕನ ಬದಿಯಲ್ಲಿ, ಅಂದರೆ ಅಮೆರಿಕದ ಕಾರುಗಳ ಎಡಬದಿಯಲ್ಲಿ, ನಡುಭಾಗದ ಹಿಂತುದಿಯಲ್ಲಿ ಲಂಬವಾಗಿ ಒತ್ತಿರುತ್ತಾರೆ. ಮೊದಲ ವರ್ಷಗಳಲ್ಲಿ ಅದೇ ಬದಿಯಲ್ಲಿ ಕೂರಿಸಿದ ದುಂಡನೆಯ ಲೋಹದ ಬಿಲ್ಲೆಯ ಮೇಲೆ ಸಂಖ್ಯೆ ಇರುತ್ತಿತ್ತು. ಉದಾಹರಣೆಗೆ 7029203 ಎಂಬ ಸಂಖ್ಯೆಯನ್ನು ನೋಡಿ. ಆರಂಭದ 702 ಎಂಬುದು 1960ರ ದಶಕವನ್ನು ಸೂಚಿಸುತ್ತದೆ. 704 ಎಂದಿದ್ದರೆ 1970ರ ದಶಕ. ನಾಲ್ಕನೆಯ ಅಂಕಿ 9, ಆದುದರಿಂದ ಇದು 1969ರ ಮಾದರಿ. ಆರನೆಯ ಅಂಕಿ ಸಾಮಾನ್ಯವಾಗಿ 0, 1 ಅಥವಾ 2 ಆಗಿದ್ದರೆ ಷೆವರ್ಲೆ, 4 ಆಗಿದ್ದರೆ ಬ್ಯೂಯಿಕ್, 5 ಆಗಿದ್ದರೆ ಓಲ್ಡ್ಸ್‌ಮೊಬೈಲ್, 6 ಅಥವಾ 7 ಆಗಿದ್ದರೆ ಪಾಂಟಿಯಾಕ್. ಕೊನೆಯ ಅಂಕಿ ಬೆಸವಾಗಿದ್ದರೆ ಸಾಮಾನ್ಯವಾಗಿ ಕೈಯಿಂದ ಗೇರು ಬದಲಿಸುವ ಕಾರು, ಸಮವಾಗಿದ್ದರೆ ಸ್ವಯಂಚಾಲಿತ ಗೇರಿನ ಕಾರು. 1976ರಿಂದ ಸಂಖ್ಯೆಗೆ ಎಂಟು ಅಂಕಿಗಳಾದವು.

ಇದರ ಹತ್ತಿರದಲ್ಲಿಯೇ ನಾಲ್ಕು ಅಂಕಿಗಳ ತಯಾರಿಕೆಯ ದಿನಾಂಕವೂ ಇರುತ್ತದೆ. 2888 ಎಂದಿದ್ದರೆ ಮೊದಲ ಮೂರು ಅಂಕಿಗಳು ವರ್ಷದ 288ನೆಯ ದಿನವನ್ನೂ ಕೊನೆಯದು 1968ನೆಯ ಇಸವಿಯನ್ನೂ ಹೇಳುತ್ತವೆ. ಅದು 1968ರ ಅಕ್ಟೋಬರ್ 14. ಕಾರು ತಯಾರಾದ ದಿನಕ್ಕಿಂತ ಈ ದಿನಾಂಕ ಸ್ವಲ್ಪ ಮುಂಚಿನದಾಗಿರಬೇಕು. ಕಾರಿಗಿಂತ ಕಿರಿಯ ವಯಸ್ಸಿನ ಕಾರ್ಬ್ಯುರೇಟರ್ ಅದರ ಮೂಲ ಸಂಗಾತಿಯಾಗಲಾರದು! ಸಂಖ್ಯೆಗಳು ತಾಳೆಯಾಗುವ ಕಾರಿಗೆ ಸಂಗ್ರಾಹಕರು ಹೆಚ್ಚಿನ ಬೆಲೆ ತೆರುವುದರಿಂದ ಸಂಖ್ಯೆಯನ್ನು ಉಜ್ಜಿ ಹೊಸದಾಗಿ ಒತ್ತುವ ವಂಚಕರೂ ಇದ್ದಾರೆ. ಆ ಜಾಗ ಅಸಹಜವಾಗಿ ನುಣುಪಾಗಿದ್ದರೆ ಕೊಳ್ಳುವವರು ಎಚ್ಚರ ವಹಿಸಬೇಕು.

ರೋಗದ ಮೂಲ

ಕ್ವಾಡ್ರಾಜೆಟ್ಟಿನ ಮೇಲಿನ ದೂರುಗಳಲ್ಲಿ ಬಹುಪಾಲು ನಾಲ್ಕೈದು ಸಣ್ಣ ಕಾರಣಗಳಿಂದ ಬಂದವು. ಮೊದಲನೆಯದು ತಳದ ಬಿರಡೆಗಳು. ತಯಾರಿಕೆಯ ವೇಳೆ ಕೊರೆದ ರಂಧ್ರಗಳನ್ನು ಮುಚ್ಚಿದ ಈ ಲೋಹದ ಬಿರಡೆಗಳು ಕಾಲಕ್ರಮದಲ್ಲಿ ಸಡಿಲವಾಗಿ, ಕಾರು ನಿಂತಿರುವಾಗ ಪೆಟ್ರೋಲು ತೊಟ್ಟಿಯಿಂದ ಇಂಜಿನ್ನಿನೊಳಕ್ಕೆ ಜಿನುಗುತ್ತದೆ. ಬೆಳಿಗ್ಗೆ ಇಂಜಿನ್ ಹೊತ್ತದು. ಹೊತ್ತಿದರೂ ಕಪ್ಪು ಹೊಗೆ ಕಾರುತ್ತದೆ. ಬಿಚ್ಚಿದ ನಡುಭಾಗದಲ್ಲಿ ಪೆಟ್ರೋಲು ತುಂಬಿ ಒಣ ಕಾಗದದ ಮೇಲಿಟ್ಟರೆ ಸೋರುವ ಜಾಗ ತಾನಾಗಿಯೇ ತಿಳಿಯುತ್ತದೆ. ಪೆಟ್ರೋಲಿಗೆ ಕರಗದ ಎಪಾಕ್ಸಿ ಅಂಟಿನಿಂದ ಅದನ್ನು ಮುಚ್ಚಬಹುದು.

ಎರಡನೆಯದು ಫ್ಲೋಟ್. ಹಗುರವಾದ ನೊರೆಪ್ಲಾಸ್ಟಿಕ್ಕಿನ ಈ ತೇಲುವ ತುಂಡು ವರ್ಷಗಳು ಕಳೆದಂತೆ ಪೆಟ್ರೋಲನ್ನು ಹೀರಿ ಭಾರವಾಗುತ್ತದೆ. ಆಗ ಅದು ಸರಿಯಾದ ಮಟ್ಟದಲ್ಲಿ ತೇಲದೆ ತೊಟ್ಟಿ ಉಕ್ಕುತ್ತದೆ. ಹೊಸ ಫ್ಲೋಟಿನೊಡನೆ ತೂಗಿ ನೋಡುವುದೇ ಸುಲಭ ಪರೀಕ್ಷೆ. ಮೂರನೆಯದು ಆಕ್ಸಿಲರೇಟರ್ ಪಂಪಿನ ರಬ್ಬರ್ ಬಟ್ಟಲು. ಇದು ಸವೆದರೆ ಪೆಡಲ್ ಒತ್ತಿದೊಡನೆ ಕಾರು ಮುಗ್ಗರಿಸುತ್ತದೆ. ನಾಲ್ಕನೆಯದು ಥ್ರಾಟಲ್ ದಂಡ ತಿರುಗುವ ಅಲ್ಯೂಮಿನಿಯಂ ರಂಧ್ರ. ಅದು ಸವೆದು ಹಿಗ್ಗಿದರೆ ಅಲ್ಲಿಂದ ಗಾಳಿ ನುಸುಳಿ ಇಂಜಿನ್ನಿನ ನಿಂತ ಓಟ ಏರುಪೇರಾಗುತ್ತದೆ. ಕಂಚಿನ ಬುಷ್ ಕೂರಿಸಿದರೆ ಸರಿಹೋಗುತ್ತದೆ. ಐದನೆಯದು ಹಿಂದಿನ ಬಾಯಿಗಳ ಮೇಲಿನ ಗಾಳಿಯ ಮುಚ್ಚಳದ ಸ್ಪ್ರಿಂಗ್. ಇದು ಸಡಿಲವಾದರೆ ಮುಚ್ಚಳ ಬೇಗನೆ ತೆರೆದು, ವೇಗ ಬೇಕಾದಾಗಲೇ ಕಾರು ಕುಸಿದಂತಾಗುತ್ತದೆ.

ಈ ದೋಷಗಳಲ್ಲಿ ಯಾವುದೂ ಇಡೀ ಕಾರ್ಬ್ಯುರೇಟರನ್ನು ಎಸೆಯಲು ಕಾರಣವಲ್ಲ ಎಂಬುದನ್ನು ಗಮನಿಸಬೇಕು.

ಬಿಚ್ಚಿ ಜೋಡಿಸುವ ಕ್ರಮ

ಪೆಟ್ರೋಲಿನ ಆವಿ ಕಣ್ಣಿಗೆ ಕಾಣದು, ಆದರೆ ಒಂದು ಕಿಡಿಗೆ ಮನೆಯನ್ನೇ ಸುಡಬಲ್ಲದು. ಬ್ಯಾಟರಿಯ ತಂತಿಯನ್ನು ಕಳಚಿ, ಗಾಳಿಯಾಡುವ ಜಾಗದಲ್ಲಿ, ದೀಪ, ಒಲೆ, ಬೀಡಿ-ಸಿಗರೇಟುಗಳಿಂದ ದೂರ ಕುಳಿತು ಕೆಲಸ ಮಾಡಬೇಕು. ಅಗ್ನಿಶಾಮಕ ಕೈಗೆ ಎಟುಕುವಂತಿರಲಿ. ಮಕ್ಕಳನ್ನು ಹತ್ತಿರ ಬಿಡಬಾರದು.

ಪ್ರತಿ ಹಂತದಲ್ಲಿಯೂ ಛಾಯಾಚಿತ್ರ ತೆಗೆದುಕೊಂಡು, ಕಳಚಿದ ಭಾಗಗಳನ್ನು ಕ್ರಮವಾಗಿ ತಟ್ಟೆಗಳಲ್ಲಿ ಜೋಡಿಸಿಡಬೇಕು. ಮೇಲ್ಭಾಗವನ್ನು ಒಂಬತ್ತು ಸ್ಕ್ರೂಗಳು ಹಿಡಿದಿರುತ್ತವೆ. ಅವುಗಳಲ್ಲಿ ಎರಡು ಮುಂದಿನ ಬಾಯಿಗಳ ಬಳಿ ಒಳಗೆ ಅಡಗಿವೆ. ಅವನ್ನು ಕಾಣದೆ ಬಲಪ್ರಯೋಗ ಮಾಡಿದರೆ ಎರಕದ ಲೋಹ ಬಿರಿಯುತ್ತದೆ. ಹಿಂದಿನ ಮೀಟರಿಂಗ್ ಕಡ್ಡಿಗಳನ್ನು ಮೊದಲೇ ಮೇಲಕ್ಕೆತ್ತಿ ತೆಗೆಯಬೇಕು. ಮಿಶ್ರಣದ ಸ್ಕ್ರೂಗಳನ್ನು ತೆಗೆಯುವ ಮುನ್ನ ಹಗುರವಾಗಿ ಒಳಗೆ ತಿರುಗಿಸಿ, ಎಷ್ಟು ಸುತ್ತು ಎಂದು ಎಣಿಸಿ ಬರೆದಿಟ್ಟುಕೊಳ್ಳಬೇಕು. ಬಿಗಿಯಾಗಿ ತಿರುಗಿಸಿದರೆ ಅವುಗಳ ಮೊನೆ ಕೆಡುತ್ತದೆ.

ಲೋಹದ ಭಾಗಗಳನ್ನು ಮಾತ್ರ ಶುದ್ಧೀಕರಣ ದ್ರವದಲ್ಲಿ ನೆನೆಸಬೇಕು; ರಬ್ಬರು, ಪ್ಲಾಸ್ಟಿಕ್ಕುಗಳನ್ನಲ್ಲ. ಬಳಿಕ ಪ್ರತಿಯೊಂದು ದಾರಿಯಲ್ಲಿಯೂ ಒತ್ತಡದ ಗಾಳಿ ಹಾಯಿಸಬೇಕು. ಜೆಟ್ಟಿನ ರಂಧ್ರಕ್ಕೆ ತಂತಿ ಚುಚ್ಚುವುದು ಎಂದಿಗೂ ಸಲ್ಲದು. ಜೆಟ್ಟಿನ ಮೇಲಿನ 71 ಎಂಬ ಅಂಕಿ ರಂಧ್ರದ ವ್ಯಾಸ ಅಂಗುಲದ ಸಾವಿರದ 71 ಭಾಗವೆಂದು ಹೇಳುತ್ತದೆ. ಕೂದಲೆಳೆಯಷ್ಟು ಹಿಗ್ಗಿದರೂ ಹದ ಕೆಡುತ್ತದೆ.

ಈಗ ಅಮೆರಿಕದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ. 10ರಷ್ಟು ಎಥನಾಲ್ ಬೆರೆತಿರುತ್ತದೆ. ಇದು ಹಳೆಯ ರಬ್ಬರನ್ನು ಕೆಡಿಸುವುದರಿಂದ ಎಥನಾಲಿಗೆ ತಾಳುವ ಹೊಸ ಭಾಗಗಳನ್ನೇ ಹಾಕಬೇಕು. ನಮ್ಮಲ್ಲಿಯೂ ಶೇ. 20ರ ಮಿಶ್ರಣ ಬಂದಿರುವುದರಿಂದ ಹಳೆಯ ಸ್ಕೂಟರ್ ಉಳ್ಳವರಿಗೂ ಈ ಮಾತು ಅನ್ವಯಿಸುತ್ತದೆ.

ಮರುಜೋಡಿಸುವಾಗ ಫ್ಲೋಟಿನ ಎತ್ತರ ಹಾಗೂ ಗಾಳಿಯ ಮುಚ್ಚಳದ ಸ್ಪ್ರಿಂಗಿನ ಬಿಗಿತವನ್ನು ಆಯಾ ಸಂಖ್ಯೆಗೆ ಕೊಟ್ಟ ಅಳತೆಯಂತೆಯೇ ಹೊಂದಿಸಬೇಕು. ಇಂಜಿನ್ನಿಗೆ ಕೂರಿಸುವಾಗ ಮುಂದಿನ ಎರಡು ಉದ್ದನೆಯ ಬೋಲ್ಟುಗಳನ್ನು ಅತಿಯಾಗಿ ಬಿಗಿದರೆ ಮೇಲ್ಭಾಗ ಸೊಟ್ಟಗಾಗುತ್ತದೆ. ಇಂಜಿನ್ ಓಡಿಸುವ ಮೊದಲು ಪೆಟ್ರೋಲು ಎಲ್ಲಿಯೂ ಜಿನುಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕೊನೆಯಲ್ಲಿ ಇಂಜಿನ್ ಬಿಸಿಯಾದ ಬಳಿಕ, ನಿರ್ವಾತ ಮಾಪಕದ ಮುಳ್ಳು ಅತಿ ಹೆಚ್ಚು ತೋರುವವರೆಗೆ ಮಿಶ್ರಣದ ಸ್ಕ್ರೂಗಳನ್ನು ಹೊಂದಿಸಬೇಕು.

ಹೀಗೆ ಒಂದು ಬಿರಡೆ, ಒಂದು ಫ್ಲೋಟ್, ಕೆಲವು ಪ್ಯಾಕಿಂಗುಗಳು ಬದಲಾದರೆ ಐವತ್ತು ವರ್ಷ ದಾಟಿದ ಯಂತ್ರವೂ ಮತ್ತೆ ಕೆಲಸಕ್ಕೆ ನಿಲ್ಲುತ್ತದೆ. ಅದರ ಬದಲಿಗೆ ಹೊಸದನ್ನು ತಂದು ಹಾಕಿದರೆ ಕಾರು ಓಡಬಹುದು, ಆದರೆ ಅದರ ಹುಟ್ಟಿನ ದಾಖಲೆ ಮರಳಿ ಬಾರದು. ಆದುದರಿಂದ ಹಳೆಯ ವಸ್ತು ಕೈಗೆ ಬಂದಾಗ ಮೊದಲು ಅದರ ಮೈಮೇಲಿನ ಬರಹವನ್ನು ಓದಿರಿ. ಅನಂತರ ಅದರ ದೋಷವನ್ನು ಹುಡುಕಿರಿ. ಎಸೆಯುವ ಮಾತು ಎಲ್ಲಕ್ಕಿಂತ ಕೊನೆಗಿರಲಿ.