ಕಾಲೇಜಿನಲ್ಲಿ ಏನಿದೆ ಎಂದು ಹೊಸಬರಿಗೆ ಹೇಳುವವರಾರು?

ಮಳೆಗಾಲದೊಂದಿಗೆ ಕಾಲೇಜುಗಳ ಬಾಗಿಲು ತೆರೆಯುವುದು ಪ್ರತಿ ವರ್ಷದ ರೂಢಿ. ಸೀಟು ಸಿಕ್ಕಿತೇ ಇಲ್ಲವೇ ಎಂಬುದರ ಬಗ್ಗೆ ಪತ್ರಿಕೆಗಳು ಬರೆಯುತ್ತವೆ, ಸಂಘಟನೆಗಳು ಮನವಿ ಸಲ್ಲಿಸುತ್ತವೆ. ಆದರೆ ಸೀಟು ಸಿಕ್ಕಿದ ವಿದ್ಯಾರ್ಥಿಗೆ ಕಾಲೇಜಿನೊಳಗೆ ಏನೇನು ಸೌಲಭ್ಯಗಳಿವೆ, ಯಾವುದನ್ನು ಎಲ್ಲಿ ಕೇಳಬೇಕು, ಯಾವ ತಾರೀಕಿನೊಳಗೆ ಕೇಳಬೇಕು ಎಂದು ಹೇಳಿಕೊಡುವವರು ಯಾರೆಂಬ ಪ್ರಶ್ನೆಯನ್ನು ಎತ್ತುವವರು ಕಡಿಮೆ. ಓದುಬರಹವುಳ್ಳ ಮನೆಯ ಮಕ್ಕಳಿಗೆ ಅಣ್ಣನೋ ಅಕ್ಕನೋ ಹೇಳಿಕೊಡುತ್ತಾರೆ. ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಲು ಹತ್ತಿದವರಿಗೆ, ಅದರಲ್ಲೂ ಮನೆಮಾತು ಒಂದು, ಕಛೇರಿಯ ಮಾತು ಇನ್ನೊಂದು ಆಗಿರುವ ಗಡಿನಾಡಿನ ಮಕ್ಕಳಿಗೆ, ಇದು ಸಣ್ಣ ಪ್ರಶ್ನೆಯಲ್ಲ.

ಕಾಸರಗೋಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ನಮ್ಮಂತೆಯೇ ಗಡಿಯಲ್ಲಿ ಕುಳಿತಿರುವ ಇನ್ನೊಂದು ಪ್ರದೇಶವನ್ನು ನೋಡಿದರೆ ನಮ್ಮ ಕಷ್ಟದ ಸ್ವರೂಪವೂ ಹೆಚ್ಚು ಸ್ಪಷ್ಟವಾದೀತು. ಮಹಾರಾಷ್ಟ್ರದ ಮರಾಠವಾಡ ಅಂಚಿನ ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳು ಅಂಥವು.

ಗೆರೆ ಬಿದ್ದ ಬಗೆ

ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ನಿಲಂಗಾ ಮತ್ತು ಉದಗೀರಗಳು ಬೀದರ ಜಿಲ್ಲೆಗೇ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಬೀದರ ಮೈಸೂರು ರಾಜ್ಯಕ್ಕೆ ಬಂತು. ಅಹ್ಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿದ್ದನ್ನು ನಾವು ಮರೆತಿಲ್ಲ. 1982ರಲ್ಲಿ ಲಾತೂರು ಜಿಲ್ಲೆಯಾದ ಮೇಲೆ ನಿಲಂಗಾ, ಉದಗೀರ ಅದರಲ್ಲಿವೆ. ಉಮರ್ಗಾ ಇರುವುದು ಹಿಂದೆ ಉಸ್ಮಾನಾಬಾದ್ ಎನಿಸಿಕೊಂಡಿದ್ದ ಧಾರಾಶಿವ ಜಿಲ್ಲೆಯಲ್ಲಿ. ಬಸವಕಲ್ಯಾಣ, ಭಾಲ್ಕಿ ಕಡೆಯ ಹಳ್ಳಿಗಳು ಇವಕ್ಕೆ ಒತ್ತಿಕೊಂಡೇ ಇವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎಂಬ ಕುಟುಂಬಗಳು ಇಲ್ಲಿ ಅಪರೂಪವಲ್ಲ.

ವಿದ್ಯಾಸಂಸ್ಥೆಗಳಿಗೂ ಇಲ್ಲಿ ಕೊರತೆಯಿಲ್ಲ. ಉಮರ್ಗಾದಲ್ಲಿ ಶ್ರೀ ಛತ್ರಪತಿ ಶಿವಾಜಿ ಮಹಾವಿದ್ಯಾಲಯ, ನಿಲಂಗಾದಲ್ಲಿ ಮಹಾರಾಷ್ಟ್ರ ಮಹಾವಿದ್ಯಾಲಯ, ಉದಗೀರದಲ್ಲಿ ಮಹಾರಾಷ್ಟ್ರ ಉದಯಗಿರಿ ಮಹಾವಿದ್ಯಾಲಯ, ಹಾವಗಿಸ್ವಾಮಿ ಮಹಾವಿದ್ಯಾಲಯ ಮೊದಲಾದವು ನಡೆಯುತ್ತಿವೆ. ನಿಲಂಗಾ, ಉದಗೀರಗಳ ಕಾಲೇಜುಗಳು 1994ರಲ್ಲಿ ಆರಂಭವಾದ ನಾಂದೇಡದ ಸ್ವಾಮಿ ರಮಾನಂದ ತೀರ್ಥ ಮರಾಠವಾಡ ವಿಶ್ವವಿದ್ಯಾಲಯಕ್ಕೆ ಸೇರಿದರೆ, ಉಮರ್ಗಾದವು 1958ರಲ್ಲಿ ಔರಂಗಾಬಾದಿನಲ್ಲಿ ಸ್ಥಾಪನೆಯಾಗಿ ಈಗ ಡಾ. ಬಾಬಾಸಾಹೇಬ ಅಂಬೇಡ್ಕರರ ಹೆಸರು ಹೊತ್ತಿರುವ ವಿಶ್ವವಿದ್ಯಾಲಯಕ್ಕೆ ಸೇರಿವೆ. ಪಕ್ಕಪಕ್ಕದ ತಾಲೂಕುಗಳಾದರೂ ವಿಶ್ವವಿದ್ಯಾಲಯ ಬೇರೆ, ಅರ್ಜಿಯ ನಮೂನೆ ಬೇರೆ, ತಾರೀಕು ಬೇರೆ. ನಿಲಂಗಾದ ಹುಡುಗನ ಅನುಭವ ಉಮರ್ಗಾದ ನೆಂಟನಿಗೆ ಪೂರ್ತಿಯಾಗಿ ಉಪಯೋಗಕ್ಕೆ ಬಾರದು.

ಫಲಕದ ಮಾತು, ಮನೆಯ ಮಾತು

ಗಡಿಯಾಚೆಯಿಂದ ಕನ್ನಡ ಶಾಲೆಯಲ್ಲಿ ಓದಿ ಬಂದವನಿಗೆ ಮೊದಲು ಎದುರಾಗುವುದು ಫಲಕಗಳು. ಪೂರಾ ಅಪರಿಚಿತ ಶಬ್ದವಾದರೆ ಯಾರನ್ನಾದರೂ ಕೇಳಬಹುದು; ಪರಿಚಿತವೆಂದು ತೋರಿ ಬೇರೆ ಅರ್ಥ ಕೊಡುವ ಶಬ್ದ ಹೆಚ್ಚು ತೊಡಕಿನದು. ಮರಾಠಿಯಲ್ಲಿ 'ಚೌಕಶಿ' ಎಂದರೆ ವಿಚಾರಣೆ. ನಮ್ಮವನು ಅದನ್ನು ಚೌಕಾಶಿ ಎಂದು ಓದಿದರೆ ಆ ಕಿಟಕಿಯ ಹತ್ತಿರ ಹೋಗಲಾರ. 'ಪಾವತಿ' ಅಲ್ಲಿ ರಶೀದಿ. ನಮಗೆ ಹಣ ಸಲ್ಲಿಸುವುದು. 'ವಸತಿಗೃಹ' ಅಲ್ಲಿ ವಿದ್ಯಾರ್ಥಿಗಳ ಹಾಸ್ಟೆಲು. ನಮಗೆ ಪ್ರವಾಸಿಗಳು ತಂಗುವ ಸ್ಥಳ. 'ಅಭ್ಯಾಸಿಕಾ' ಎಂದರೆ ಓದಿಕೊಳ್ಳಲು ಬಿಟ್ಟ ಕೊಠಡಿ. ಮನೆಯಲ್ಲಿ ದೀಪವೂ ಮೇಜೂ ಇಲ್ಲದವನಿಗೆ ಅತ್ಯಗತ್ಯವಾದ ಸ್ಥಳ ಅದು.

ಇಲ್ಲಿಯೂ ಇದೇ ಕತೆ. ಮಲಯಾಳದ 'ಅಪೇಕ್ಷ' ಅರ್ಜಿಯೇ ಹೊರತು ಆಸೆಯಲ್ಲ. 'ಅವಸರ' ಅವಕಾಶ, ತರಾತುರಿಯಲ್ಲ. 'ಉಪನ್ಯಾಸ' ಪ್ರಬಂಧ, ಭಾಷಣವಲ್ಲ. ಕನ್ನಡ ಮಾಧ್ಯಮದಿಂದ ಬಂದ ನಮ್ಮ ಮಕ್ಕಳು ಈ ಪಾಠವನ್ನು ಸೂಚನಾ ಫಲಕದ ಎದುರು ನಿಂತೇ ಕಲಿಯಬೇಕಾಗುತ್ತದೆ.

ಆದರೆ ಎಲ್ಲ ದೋಷವನ್ನೂ ಭಾಷೆಯ ತಲೆಗೆ ಕಟ್ಟುವುದು ಸರಿಯಲ್ಲ. ಮರಾಠಿ ಶಾಲೆಯಲ್ಲೇ ಓದಿದ ಕನ್ನಡ ಮನೆಯ ಹುಡುಗಿಗೆ ಫಲಕ ಓದಲು ಬರುತ್ತದೆ. ಅವಳಿಗೆ ಗೊತ್ತಿಲ್ಲದ್ದು ಏನು ಕೇಳಬೇಕು ಎಂಬುದು. 'ಬಂದು ಕೇಳಿದರೆ ಹೇಳುತ್ತೇವೆ' ಎಂಬುದು ಎಲ್ಲ ಕಛೇರಿಗಳ ಸಿದ್ಧ ಉತ್ತರ. ಇದೆ ಎಂದೇ ಗೊತ್ತಿಲ್ಲದ್ದನ್ನು ಕೇಳುವುದು ಹೇಗೆ?

ತಿಳಿಯದಿದ್ದರೆ ಆಗುವ ನಷ್ಟ

ಇದರಿಂದಾಗುವ ನಷ್ಟ ಬರೇ ಮುಜುಗರವಲ್ಲ, ಹಣದ ನಷ್ಟ. ಮಹಾರಾಷ್ಟ್ರದ ಸರಕಾರಿ ಬಸ್ಸುಗಳಲ್ಲಿ ವಿದ್ಯಾರ್ಥಿಗಳ ತಿಂಗಳ ಪಾಸಿಗೆ ಮೂರರಲ್ಲಿ ಎರಡು ಪಾಲು ರಿಯಾಯಿತಿ ಇದೆ; ಅದಕ್ಕೆ ಕಾಲೇಜಿನ ದೃಢೀಕರಣ ಪತ್ರ ಬೇಕು. ಅದು ತಿಳಿಯುವ ತನಕ ಪೂರ್ತಿ ಟಿಕೇಟು. ವಿದ್ಯಾರ್ಥಿವೇತನಗಳಿಗೆ 'ಮಹಾಡಿಬಿಟಿ' ಎಂಬ ಸರಕಾರಿ ಜಾಲತಾಣದಲ್ಲೇ ಅರ್ಜಿ ಹಾಕಬೇಕು. ಮುದ್ದತು ಮೀರಿದರೆ ಕಷ್ಟ. ದುಡಿಯುತ್ತ ಕಲಿಯುವ 'ಕಮವಾ ಆಣಿ ಶಿಕಾ' ಯೋಜನೆಯಿದೆ. ಇರುವ ಸಂಗತಿ ತಿಳಿಯದಿದ್ದರೆ ಅದರಿಂದ ಪ್ರಯೋಜನವೇನು?

ಗಡಿ ದಾಟಿ ಬಂದವರಿಗೆ ಇನ್ನೂ ಒಂದು ಗಂಟು. ಮೆಟ್ರಿಕ್ ನಂತರದ ಪರಿಶಿಷ್ಟ ಜಾತಿಯ ವಿದ್ಯಾರ್ಥಿವೇತನವನ್ನು ವಿದ್ಯಾರ್ಥಿ ಯಾವ ರಾಜ್ಯಕ್ಕೆ ಸೇರಿದವನೋ ಆ ರಾಜ್ಯವೇ ಕೊಡತಕ್ಕದ್ದೆಂದು ನಿಯಮ. ಭಾಲ್ಕಿಯ ಹುಡುಗ ಉದಗೀರದಲ್ಲಿ ಓದಿದರೂ ಕೇಳಬೇಕಾದದ್ದು ಕರ್ನಾಟಕ ಸರಕಾರವನ್ನು. ಉದಗೀರದಲ್ಲಿ ಯಾರಾದರೂ ಇದನ್ನು ಮೊದಲ ವಾರವೇ ಹೇಳದಿದ್ದರೆ ಅವನು ಎರಡೂ ಕಡೆ ಇಲ್ಲದವನಾಗುತ್ತಾನೆ.

ನಿಯಮವಿದೆ, ನಡೆಸಬೇಕು

ಈ ಕರ್ತವ್ಯ ಹೊಸ ಕಲ್ಪನೆಯೇನಲ್ಲ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲರಾದ ಎಸ್. ಆರ್. ರಂಗನಾಥನ್, ಪುಸ್ತಕಗಳಿರುವುದು ಉಪಯೋಗಕ್ಕೆ ಎಂದು 1931ರಲ್ಲಿ ಸೂತ್ರವಾಗಿ ಬರೆದರು. ಹೊಸ ವಿದ್ಯಾರ್ಥಿಗಳಿಗೆ ಗ್ರಂಥಾಲಯವನ್ನು ಪರಿಚಯಿಸುವುದು ಗ್ರಂಥಪಾಲರ ಕೆಲಸದ ಒಂದು ಭಾಗವೆಂದೇ ಅವರು ಎಣಿಸಿದ್ದರು. ನಮ್ಮ ಊರು ಆಗ ಮದ್ರಾಸ್ ಪ್ರಾಂತದಲ್ಲಿತ್ತು.

ವಿಶ್ವವಿದ್ಯಾಲಯ ಅನುದಾನ ಆಯೋಗವು 2019ರಲ್ಲಿ 'ದೀಕ್ಷಾರಂಭ' ಎಂಬ ಹೆಸರಿನಿಂದ ಹೊಸ ವಿದ್ಯಾರ್ಥಿಗಳ ಪರಿಚಯ ಕಾರ್ಯಕ್ರಮಕ್ಕೆ ಮಾರ್ಗದರ್ಶಿ ಹೊರಡಿಸಿತು. ಆಯೋಗದ 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಗಳ ಪ್ರಕಾರ ಶುಲ್ಕ, ಹಾಸ್ಟೆಲು, ಗ್ರಂಥಾಲಯ ಮುಂತಾದ ವಿವರಗಳಿರುವ ಕೈಪಿಡಿಯನ್ನು ಪ್ರವೇಶ ಆರಂಭವಾಗುವುದಕ್ಕೆ ಕನಿಷ್ಠ 60 ದಿನ ಮೊದಲೇ ಪ್ರಕಟಿಸಬೇಕು. ಆದರೆ ಕೈಪಿಡಿ ಪ್ರಕಟವಾದ ಮಾತ್ರಕ್ಕೆ ಅದು ವಿದ್ಯಾರ್ಥಿಗೆ ತಿಳಿದಂತಾಗದು. ಸ್ವಾಗತ ಭಾಷಣ, ಹಾರ, ಫೋಟೋಗಳಲ್ಲಿ ದೀಕ್ಷಾರಂಭ ಮುಗಿದರೆ ಹೇಳಬೇಕಾದದ್ದು ಉಳಿದೇ ಹೋಗುತ್ತದೆ.

ಮಾಡಬೇಕಾದದ್ದು ದೊಡ್ಡ ಖರ್ಚಿನದಲ್ಲ. ಮೊದಲ ಹದಿನೈದು ದಿನಗಳೊಳಗೆ ಇಪ್ಪತ್ತು ಮೂವತ್ತು ಮಂದಿಯ ತಂಡ ಮಾಡಿ ಗ್ರಂಥಾಲಯ, ಪ್ರಯೋಗಾಲಯ, ಕಛೇರಿಯ ಕಿಟಕಿ, ಆಟದ ವಿಭಾಗಗಳಿಗೆ ನಡೆಸಿಕೊಂಡು ಹೋಗಿ ತೋರಿಸಬೇಕು. ಹುಡುಗಿಯರ ವಿಶ್ರಾಂತಿ ಕೊಠಡಿ, ದೂರು ಸಮಿತಿಯ ಜಾಗವನ್ನೂ ಬಿಡಬಾರದು. ಒಂದು ಪುಸ್ತಕವನ್ನು ವಿದ್ಯಾರ್ಥಿಯ ಕೈಯಿಂದಲೇ ಹುಡುಕಿಸಿ ತೆಗೆಸಬೇಕು. ಎರಡನೇ ವರ್ಷದ ಕನ್ನಡ ಬಲ್ಲ ವಿದ್ಯಾರ್ಥಿಗಳನ್ನು ಜತೆಗೆ ಬಿಡಬೇಕು. ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ಈ ಕೆಲಸಕ್ಕೆ ಒದಗುವವರೇ. ಸವಲತ್ತು, ಕೇಳಬೇಕಾದ ಸ್ಥಳ, ಬೇಕಾದ ಕಾಗದ, ಕೊನೆಯ ತಾರೀಕು ಇವಿಷ್ಟನ್ನು ಒಂದೇ ಹಾಳೆಯಲ್ಲಿ ಅಲ್ಲಿ ಮರಾಠಿ–ಕನ್ನಡಗಳಲ್ಲಿ, ಇಲ್ಲಿ ಮಲಯಾಳ–ಕನ್ನಡಗಳಲ್ಲಿ ಅಚ್ಚು ಹಾಕಿಸಬೇಕು. ತಂದೆ ತಾಯಿಯ ಕೈಗೂ ಆ ಹಾಳೆ ಮುಟ್ಟಬೇಕು.

ರಾಜ್ಯಭಾಷೆಯಲ್ಲಿ ಕಛೇರಿ ನಡೆಸುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಗಡಿಯ ಮಕ್ಕಳು ಆ ಭಾಷೆಯನ್ನು ಕಲಿಯಬೇಕಾದವರೇ. ಆದರೆ ಕಲಿಯುವಷ್ಟರಲ್ಲಿ ತಾರೀಕು ದಾಟಿ ಹೋಗಬಾರದು. ಉಮರ್ಗಾದಲ್ಲಾಗಲಿ ಕಾಸರಗೋಡಿನಲ್ಲಾಗಲಿ ಪ್ರಾಂಶುಪಾಲರೂ ರಕ್ಷಕ ಶಿಕ್ಷಕ ಸಂಘಗಳೂ ಈ ವರ್ಷವೇ ಈ ಒಂದು ಹಾಳೆಯಿಂದ ಕೆಲಸ ಆರಂಭಿಸಲಿ.