ಸುಳ್ಳು ಗೆಲುವಿನ ಸಿಟ್ಟು ಅಧಿಕಾರಿಯ ಮೇಲೆ

2025ರ ಮೇ 10ರಂದು ಭಾರತ–ಪಾಕ್ ಕದನ ವಿರಾಮವನ್ನು ಮೊದಲು ಪ್ರಕಟಿಸಿದ್ದು ದೆಹಲಿಯಲ್ಲ, ಡೊನಾಲ್ಡ್ ಟ್ರಂಪ್. ಆ ಮುಜುಗರಕ್ಕೆ ಬೈಗುಳ ತಿಂದವರು ಮಾತ್ರ ಸರ್ಕಾರದ ಪ್ರಕಟಣೆ ಓದಿದ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ. ಅವರನ್ನು ದ್ರೋಹಿ ಎಂದರು, ಮಗಳನ್ನೂ ಬೀದಿಗೆಳೆದರು. ಕಡೆಗೆ ಅವರು ಎಕ್ಸ್ ಖಾತೆಗೆ ಬೀಗ ಹಾಕಿಕೊಳ್ಳಬೇಕಾಯಿತು. ಈ ಸಿಟ್ಟು ದಿಢೀರನೆ ಹುಟ್ಟಿದ್ದಲ್ಲ. ಮೇ 8ರ ರಾತ್ರಿ ಕೆಲವು ಟಿವಿ ವಾಹಿನಿಗಳು ಕರಾಚಿ ಬಂದರು ಧ್ವಂಸವಾಯಿತೆಂದು ಕೂಗಿದ್ದವು. ಬಂದರಿಗೆ ಏನೂ ಆಗಿರಲಿಲ್ಲ. ಗೆದ್ದೇಬಿಟ್ಟೆವೆಂದು ನಂಬಿದವರಿಗೆ ಕದನ ವಿರಾಮ ಯಾರೋ ಮಾಡಿದ ಮೋಸದಂತೆ ಕಂಡಿತು.

ಸರ್ಕಾರವನ್ನು ಪ್ರಶ್ನಿಸುವ ಹಕ್ಕು ಪ್ರಜೆಗಿಲ್ಲವೇ ಎಂದು ಕೇಳುವವರಿದ್ದಾರೆ. ಖಂಡಿತ ಇದೆ. ಆದರೆ ಪ್ರಶ್ನೆ ಹೋಗಬೇಕಾದದ್ದು ನಿರ್ಧಾರ ಮಾಡಿದವರಿಗೆ, ಅದನ್ನು ಓದಿ ಹೇಳಿದವರ ಮಗಳಿಗಲ್ಲ. ಐಎಎಸ್ ಅಧಿಕಾರಿಗಳ ಸಂಘ ಮಿಸ್ರಿ ಪರ ನಿಂತಿತು, ಸರಿ. ಅದಕ್ಕೂ ಮೊದಲು ಸಚಿವರೇ ಮುಂದೆ ಬಂದು ‘ನಿರ್ಧಾರ ನಮ್ಮದು’ ಎನ್ನಬೇಕಿತ್ತು. ವಾಹಿನಿಗಳೂ ಸುಳ್ಳು ಕೂಗಿದಷ್ಟೇ ಜೋರಾಗಿ ತಪ್ಪೊಪ್ಪಿಕೊಳ್ಳಬೇಕಿತ್ತು.