ಮಂಕಾದ ಹೆಡ್‌ಲೈಟ್‌ಗೆ ಟೂತ್‌ಪೇಸ್ಟ್, ಎಲ್‌ಇಡಿ, ಪುಟ್ಟ ವೈಪರ್: ಹಳೆಯ ಕಾರಿಗೆ ಯಾವುದು ನಿಜಕ್ಕೂ ಉಪಯೋಗ?

ಹಳೆಯ ಕಾರಿನ ಹೆಡ್‌ಲೈಟ್ ಬಗ್ಗೆ ಫೋನಿನಿಂದ ಫೋನಿಗೆ ಹಾರುವ ಸಲಹೆಗಳಲ್ಲಿ ನಾಲ್ಕು ಮತ್ತೆ ಮತ್ತೆ ಬರುತ್ತವೆ. ಹಳದಿಯಾದ ಗಾಜಿಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ. ಸೊಳ್ಳೆ ಸ್ಪ್ರೇ ಹೊಡೆದು ಒರೆಸಿ. ಬಲ್ಬ್ ಕಿತ್ತು ಬಿಳಿ ಎಲ್‌ಇಡಿ ಹಾಕಿಸಿ. ವಿದೇಶಿ ಕಾರುಗಳಲ್ಲಿ ಇರುವಂತೆ ಹೆಡ್‌ಲೈಟ್ ಮೇಲೆ ಪುಟ್ಟ ವೈಪರ್ ಕೂರಿಸಿ, ಧೂಳಿನ ಚಿಂತೆಯೇ ಇರುವುದಿಲ್ಲ. ಈ ನಾಲ್ಕನ್ನೂ ಒಂದೊಂದಾಗಿ ನೋಡೋಣ. ಯಾವುದನ್ನು ರಿಪೇರಿ ಮಾಡಿಸಬೇಕು, ಯಾವುದನ್ನು ತೆಗೆದುಹಾಕಬೇಕು ಎಂಬುದೂ ಅಲ್ಲೇ ತಿಳಿಯುತ್ತದೆ.

ಯಾದಗಿರಿ ಕಡೆ ಇದು ಯಾಕೆ ಮುಖ್ಯ?

ಯಾದಗಿರಿ, ಶಹಾಪುರ, ಸುರಪುರ ಭಾಗದ ಹೆಡ್‌ಲೈಟ್‌ಗೆ ಮೂರು ಕಡೆಯಿಂದ ಪೆಟ್ಟು ಬೀಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಎರೆಭೂಮಿಯ ಧೂಳು, ಮತ್ತು ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಭತ್ತದ ಗದ್ದೆಗಳ ಪಕ್ಕ ರಾತ್ರಿ ಹೋದರೆ ಬಂದು ಮೆತ್ತಿಕೊಳ್ಳುವ ಹುಳಗಳು.

ಇನ್ನು ರಸ್ತೆ. ಶಹಾಪುರದಿಂದ ಹತ್ತಿಗೂಡೂರು ದಾಟಿ ತಿಂಥಣಿ ಸೇತುವೆ ಕಡೆ ರಾತ್ರಿ ಹೋದವರಿಗೆ ಗೊತ್ತಿರುತ್ತದೆ: ಹತ್ತಿ ಬಿಡಿಸುವ ಕಾಲದಲ್ಲಿ ಹಿಂದೆ ದೀಪವೂ ಇಲ್ಲದ, ರಿಫ್ಲೆಕ್ಟರೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಎದುರಾಗಬಹುದು. ಅದನ್ನು ತೋರಿಸಬೇಕಾದದ್ದು ನಿಮ್ಮ ಹೆಡ್‌ಲೈಟ್ ಮಾತ್ರ.

ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಓಡುತ್ತದೆ. ಕಣ್ಣು ಕಂಡದ್ದನ್ನು ಕಾಲು ಬ್ರೇಕಿಗೆ ತಲುಪಿಸಲು ಒಂದೂವರೆ ಸೆಕೆಂಡ್ ಹಿಡಿದರೆ 33 ಮೀಟರ್ ಅಲ್ಲೇ ಹೋಯಿತು. ಬ್ರೇಕ್ ಚೆನ್ನಾಗಿದ್ದು ರಸ್ತೆ ಒಣಗಿದ್ದರೂ ನಿಲ್ಲಲು ಇನ್ನೂ 35 ಮೀಟರ್‌ನಷ್ಟು ಬೇಕು. ಒಟ್ಟು ಸುಮಾರು 70 ಮೀಟರ್. ಸುಸ್ಥಿತಿಯಲ್ಲಿರುವ ಡಿಮ್ ಲೈಟ್ ಕೂಡ ಸಾಮಾನ್ಯವಾಗಿ ಇಷ್ಟು ದೂರ ತೋರಿಸುವುದಿಲ್ಲ. ಮಂಕಾದ ಲೈಟ್ ತೋರಿಸುವುದು ಇನ್ನೂ ಕಡಿಮೆ.

ಗಾಜು ಹಳದಿಯಾಗುವುದೇಕೆ?

ಅಂಬಾಸಿಡರ್ ಕಾಲದ ಹೆಡ್‌ಲೈಟ್ ಮುಂಭಾಗ ನಿಜವಾದ ಗಾಜು. ಅದು ಒಡೆಯುತ್ತಿತ್ತು, ಆದರೆ ಹಳದಿಯಾಗುತ್ತಿರಲಿಲ್ಲ. ಈಗ ನಾವು ರೂಢಿಯಲ್ಲಿ ಗಾಜು ಎನ್ನುವುದು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್. ಅದರ ಮೇಲೆ ಬಿಸಿಲಿನ ನೇರಳಾತೀತ ಕಿರಣ ತಡೆಯುವ ತೆಳು ಪದರವನ್ನು ಕಾರ್ಖಾನೆಯಲ್ಲೇ ಹಚ್ಚಿರುತ್ತಾರೆ. ವರ್ಷಗಳು ಕಳೆದಂತೆ ಬಿಸಿಲು ಮತ್ತು ಧೂಳು ಆ ಪದರವನ್ನು ತಿನ್ನುತ್ತವೆ. ಆಮೇಲೆ ಪ್ಲಾಸ್ಟಿಕ್ಕೇ ಹಳದಿಗಟ್ಟಿ ಮಬ್ಬಾಗುತ್ತದೆ. ಮಬ್ಬು ಮೇಲ್ಮೈ ಬೆಳಕನ್ನು ಮುಂದಕ್ಕೆ ಬಿಡದೆ ಎಲ್ಲ ಕಡೆ ಚೆದುರಿಸುತ್ತದೆ. ನಿಮಗೆ ರಸ್ತೆ ಕಾಣುವುದಿಲ್ಲ, ಎದುರಿನವರ ಕಣ್ಣಿಗೂ ಕುಕ್ಕುತ್ತದೆ.

ಅಮೆರಿಕದ ವಾಹನ ಸವಾರರ ಸಂಘವಾದ ಎಎಎ 2018ರಲ್ಲಿ ಇದನ್ನು ಅಳೆದು ನೋಡಿತು. ತೀರಾ ಮಂಕಾದ ಹೆಡ್‌ಲೈಟ್ ಹೊಸದರ ಸುಮಾರು ಶೇ 20ರಷ್ಟು ಬೆಳಕನ್ನು ಮಾತ್ರ ಕೊಡುತ್ತಿತ್ತು. ಸರಿಯಾಗಿ ಉಜ್ಜಿ ಪಾಲಿಶ್ ಮಾಡಿದಾಗ ಬೆಳಕು ಸುಮಾರು ಶೇ 70ಕ್ಕೆ ಮರಳಿತು. ಕಂಪನಿಯ ಹೊಸ ಲೈಟ್ ಹಾಕಿದಾಗ ಪೂರ್ತಿ ಬಂತು.

ಸಲಹೆ 1: ಟೂತ್‌ಪೇಸ್ಟ್

ಅರ್ಧ ನಿಜ. ಟೂತ್‌ಪೇಸ್ಟ್‌ನಲ್ಲಿ ಸಿಲಿಕಾ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟ್‌ನ ನುಣ್ಣನೆ ಪುಡಿ ಇರುತ್ತದೆ. ಅದು ಮೇಲಿನ ಹಳದಿಯನ್ನು ಸ್ವಲ್ಪ ಕೆರೆದು ತೆಗೆಯುತ್ತದೆ. ಆದರೆ ಹೋಗಿರುವ ರಕ್ಷಣಾ ಪದರವನ್ನು ಮರಳಿ ತರುವುದಿಲ್ಲ. ಹಾಗಾಗಿ ಬಿಸಿಲಿಗೆ ಬಿದ್ದ ಗಾಜು ಕೆಲವೇ ತಿಂಗಳಲ್ಲಿ ಮತ್ತೆ ಮಂಕಾಗುತ್ತದೆ. ವಿಡಿಯೋದಲ್ಲಿ ತೋರಿಸುವುದು ಉಜ್ಜಿದ ದಿನದ ಹೊಳಪನ್ನು. ಮುಂದಿನ ಬೇಸಿಗೆಯಲ್ಲಿ ಅದು ಹೇಗಿರುತ್ತದೆ ಎಂದು ಯಾರೂ ತೋರಿಸುವುದಿಲ್ಲ.

ಸಲಹೆ 2: ಸೊಳ್ಳೆ ಸ್ಪ್ರೇ, ಪೆಟ್ರೋಲ್, ಥಿನ್ನರ್

ಬೇಡವೇ ಬೇಡ. ಮೈಗೆ ಹಚ್ಚುವ ಹಲವು ಸೊಳ್ಳೆ ನಿವಾರಕಗಳಲ್ಲಿ ಇರುವ ಡೀಟ್ ಎಂಬ ರಾಸಾಯನಿಕ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸುತ್ತದೆ. ಕರಗಿ ನುಣುಪಾದ ಕಾರಣಕ್ಕೆ ಆ ಕ್ಷಣ ಫಳಫಳ ಎನ್ನುತ್ತದೆ, ಅಷ್ಟೆ. ಪೆಟ್ರೋಲ್ ಮತ್ತು ಥಿನ್ನರ್ ಪಾಲಿಕಾರ್ಬೊನೇಟ್‌ನಲ್ಲಿ ಕೂದಲೆಳೆಯಂಥ ಬಿರುಕು ಮೂಡಿಸುತ್ತವೆ. ಆಮೇಲೆ ಎಷ್ಟು ಪಾಲಿಶ್ ಮಾಡಿದರೂ ಬಿರುಕು ಹೋಗುವುದಿಲ್ಲ.

ಸಲಹೆ 3: ಬಿಳಿ ಎಲ್‌ಇಡಿ ಬಲ್ಬ್

ನಮ್ಮ ಹಳೆಯ ಕಾರುಗಳಲ್ಲಿ ಹೆಚ್ಚಾಗಿ ಇರುವುದು 60/55 ವ್ಯಾಟ್‌ನ ಎಚ್4 ಹ್ಯಾಲೊಜೆನ್ ಬಲ್ಬ್. ಅದರ ತಂತಿ ಯಾವ ಜಾಗದಲ್ಲಿ ಉರಿಯುತ್ತದೆಯೋ ಆ ಜಾಗಕ್ಕೆ ಅಳೆದು ಹಿಂದಿನ ರಿಫ್ಲೆಕ್ಟರ್ ಮಾಡಿರುತ್ತಾರೆ. ಎಲ್‌ಇಡಿ ಚಿಪ್‌ನ ಆಕಾರವೇ ಬೇರೆ. ಅದೇ ಬುಡದಲ್ಲಿ ಕೂತರೂ ಬೆಳಕು ಬೀಳಬೇಕಾದಲ್ಲಿ ಬೀಳದೆ ಮೇಲಕ್ಕೆ ಚೆದುರಬಹುದು. ಬಿಳಿ ಎನ್ನುವುದು ಬಣ್ಣ. ದೂರ ಕಾಣುತ್ತದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಎದುರಿನಿಂದ ಬರುವ ಬೈಕ್ ಸವಾರನಿಗೆ ಮಾತ್ರ ಕಣ್ಣು ಕತ್ತಲಾಗುತ್ತದೆ.

ಕಾನೂನಿನ ಮಾತೂ ಇದೆ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರಲ್ಲಿ ತಿದ್ದುಪಡಿಯಾದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು.

ಸಲಹೆ 4: ಹೆಡ್‌ಲೈಟ್‌ಗೆ ಪುಟ್ಟ ವೈಪರ್

ಇದು ಕಟ್ಟುಕಥೆಯಲ್ಲ. ಸ್ವೀಡನ್ನಿನ ಸಾಬ್ ಕಂಪನಿ 1970ರ ದಶಕದ ಆರಂಭದಲ್ಲಿ ಇಂಥ ವೈಪರ್ ತಂದಿತು, ವೋಲ್ವೋ ಕೂಡ ಹಾಕಿತು. ಅಲ್ಲಿನ ಚಳಿಗಾಲದಲ್ಲಿ ಉಪ್ಪು ಬೆರೆತ ಹಿಮದ ಕೆಸರು ಲೈಟಿಗೆ ಮೆತ್ತಿಕೊಳ್ಳುತ್ತದೆ. ಆ ಲೈಟುಗಳ ಮುಂಭಾಗ ಗಾಜಾಗಿತ್ತು, ಕೆಸರು ಒದ್ದೆಯಾಗಿತ್ತು, ವೈಪರ್ ಜೊತೆಗೆ ನೀರೂ ಚಿಮ್ಮುತ್ತಿತ್ತು. ಲೈಟುಗಳು ಪ್ಲಾಸ್ಟಿಕ್ ಆದ ಮೇಲೆ ರಬ್ಬರ್ ಉಜ್ಜಾಟಕ್ಕೆ ಗೀರು ಬೀಳುವುದರಿಂದ ಕಂಪನಿಗಳು ವೈಪರ್ ಬಿಟ್ಟು ಜೋರಾಗಿ ನೀರು ಚಿಮ್ಮಿಸುವ ನಳಿಕೆಗೆ ಹೋದವು.

ನಮ್ಮಲ್ಲಿ ಬೀಳುವುದು ಒಣ ಧೂಳು. ಅದರಲ್ಲಿನ ನುಣ್ಣನೆ ಮರಳಿನ ಕಣ ಪ್ಲಾಸ್ಟಿಕ್ಕಿಗಿಂತ ಬಹಳ ಗಟ್ಟಿ. ಅದರ ಮೇಲೆ ವೈಪರ್ ಆಡಿಸಿದರೆ ಎಮರಿ ಪೇಪರ್ ಹಾಕಿ ಉಜ್ಜಿದಂತೆ. ಆದ್ದರಿಂದ ಹೊಸದಾಗಿ ಕೂರಿಸಬೇಡಿ.

ಹಳೆಯ ವಿದೇಶಿ ಕಾರಿನಲ್ಲಿ ಮೊದಲೇ ಇದ್ದರೆ? ಗಾಜಿನ ಲೈಟ್, ಮೆತ್ತನೆ ರಬ್ಬರ್, ಕೆಲಸ ಮಾಡುವ ಮೋಟರ್, ನೀರು ಚಿಮ್ಮುವ ನಳಿಕೆ ನಾಲ್ಕೂ ಇದ್ದರೆ ಉಳಿಸಿಕೊಳ್ಳಿ, ರಬ್ಬರ್ ಮಾತ್ರ ಬದಲಿಸಿ. ರಬ್ಬರ್ ಗಟ್ಟಿಯಾಗಿದ್ದರೆ ಅಥವಾ ತೋಳು ಲೈಟಿನ ನಡುವೆ ಸಿಕ್ಕಿಕೊಂಡಿದ್ದರೆ, ಬಿಡಿಭಾಗ ಸಿಗುವವರೆಗೆ ತೋಳನ್ನು ತೆಗೆದಿಡಿ. ವೈರಿನ ತುದಿಗೆ ಟೇಪ್ ಸುತ್ತಿ, ನೀರಿನ ಪೈಪಿಗೆ ಮುಚ್ಚಳ ಹಾಕಿಸಿ. ತೆಗೆದ ಭಾಗಗಳನ್ನು ಎಸೆಯಬೇಡಿ. ಆದರೆ ಕಂಪನಿಯೇ ಕೊಟ್ಟ ಝೆನಾನ್ ಲೈಟ್ ಇದ್ದರೆ ನೀರು ಚಿಮ್ಮಿಸುವ ವ್ಯವಸ್ಥೆಯನ್ನು ತೆಗೆಸಬೇಡಿ. 2,000 ಲೂಮೆನ್ ಮೀರಿದ ಡಿಮ್ ಲೈಟಿಗೆ ಅದು ಇರಲೇಬೇಕು ಎಂಬುದು ಯುರೋಪಿನ ನಿಯಮ. ಅಂಥ ಪ್ರಖರ ಬೆಳಕು ಕೊಳೆಯಿಂದ ಚೆದುರಿದರೆ ಎದುರಿನವರಿಗೆ ಅಪಾಯ.

ಹಾಗಾದರೆ ಏನು ಮಾಡಬೇಕು?

ಮೊದಲು ನೀರಿನ ಪರೀಕ್ಷೆ. ತೊಳೆದ ಲೈಟಿನ ಮೇಲೆ ನೀರು ಸುರಿಯಿರಿ. ಒದ್ದೆಯಿದ್ದಾಗ ಗಾಜು ತಿಳಿಯಾಗಿ ಕಂಡರೆ ಹಾನಿ ಹೊರಗಡೆಯದು, ಉಜ್ಜಿದರೆ ಸರಿಹೋಗುತ್ತದೆ. ಒದ್ದೆಯಲ್ಲೂ ಮಬ್ಬಾಗಿದ್ದರೆ ಹಾನಿ ಒಳಗಿನದು ಅಥವಾ ಆಳವಾದದ್ದು. ಒಳಗಿನ ರಿಫ್ಲೆಕ್ಟರ್‌ನ ಬೆಳ್ಳಿ ಬಣ್ಣ ಕಿತ್ತಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಲೈಟನ್ನೇ ಬದಲಿಸುವುದು ಸರಿ.

ಉಜ್ಜಿಸುವುದಾದರೆ ಪೇಂಟರ್‌ಗಳು ಬಳಸುವ ವಾಟರ್ ಪೇಪರ್‌ನಲ್ಲಿ 1000, 1500, 2000 ನಂಬರ್ ಕ್ರಮವಾಗಿ, ನೀರು ಹಾಕುತ್ತಾ ಉಜ್ಜಿ, ನಂತರ ಪಾಲಿಶ್ ಮಾಡಬೇಕು. ಕೊನೆಗೆ ಯುವಿ ತಡೆಯುವ ಕ್ಲಿಯರ್ ಕೋಟ್ ಹಚ್ಚಲೇಬೇಕು. ಗ್ಯಾರೇಜಿನಲ್ಲಿ ಕೇಳಬೇಕಾದ ಪ್ರಶ್ನೆ ಇದೊಂದೇ: "ಕೊನೆಗೆ ಯುವಿ ಕೋಟ್ ಹಾಕ್ತೀರಾ?" ಇಲ್ಲ ಎಂದರೆ ಅದು ಟೂತ್‌ಪೇಸ್ಟ್‌ಗಿಂತ ಹೆಚ್ಚೇನಲ್ಲ.

ಗಾಜು ಚೆನ್ನಾಗಿದ್ದೂ ಬೆಳಕು ಕಡಿಮೆಯಿದ್ದರೆ ವೈರಿಂಗ್ ನೋಡಿಸಿ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ತುಕ್ಕು ಹಿಡಿದ ಕನೆಕ್ಟರ್, ಸಡಿಲವಾದ ಅರ್ಥ್ ವೈರ್ ಸರಿಪಡಿಸುವುದು ಹೊಸ ಬಲ್ಬಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಹಿಂದಿನ ಸೀಟಿನಲ್ಲಿ ಜನ, ಡಿಕ್ಕಿಯಲ್ಲಿ ಮೂಟೆ ತುಂಬಿದಾಗ ಕಾರಿನ ಮೂತಿ ಮೇಲೇಳುತ್ತದೆ. ಸ್ಟೀರಿಂಗ್ ಪಕ್ಕ 0ಯಿಂದ 3ರವರೆಗಿನ ಗುಂಡಿ ಇದ್ದರೆ ಆಗ ಅದನ್ನು ತಿರುಗಿಸಿ ಬೆಳಕು ಕೆಳಗಿಳಿಸಿ.

ದಿನನಿತ್ಯಕ್ಕೆ ಒಂದೇ ನಿಯಮ: ಒಣ ಬಟ್ಟೆಯಲ್ಲಿ ಹೆಡ್‌ಲೈಟ್ ಒರೆಸಬೇಡಿ. ಮೊದಲು ನೀರು, ಆಮೇಲೆ ಬಟ್ಟೆ. ಹುಳ ಒಣಗಿ ಅಂಟಿದ್ದರೆ ಒದ್ದೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಹಾಕಿಡಿ, ತಾನೇ ಸಡಿಲವಾಗುತ್ತದೆ.

ಮುಂದಿನ ಸಲ ಟೂತ್‌ಪೇಸ್ಟ್ ವಿಡಿಯೋ ಬಂದರೆ ಅದರ ಕೆಳಗೆ ನೀರಿನ ಪರೀಕ್ಷೆಯನ್ನೂ ಯುವಿ ಕೋಟ್ ವಿಷಯವನ್ನೂ ಬರೆದು ಕಳಿಸಿ. ರಾತ್ರಿ ಆ ರಸ್ತೆಯಲ್ಲಿ ನಿಮ್ಮ ಎದುರಿಗೆ ಬರುವವರೂ ಅದೇ ಗುಂಪಿನಲ್ಲಿ ಇರಬಹುದು.